ಚಿತ್ರ ಹೊತ್ತ ಪಿಂಗಾಣಿ: ಕಲ್ಲಚ್ಚಿನಿಂದ ಕಪ್ಪು-ಬಸಿಯವರೆಗೆ

ಮುಂಬಯಿಯಿಂದ ಹೊರಟ ರೈಲು ಖಂಡಾಳೆಯ ಘಟ್ಟವನ್ನೇರಿ, ಲೋಣಾವಳಾದಲ್ಲಿ ಕ್ಷಣಕಾಲ ದಣಿವಾರಿಸಿಕೊಂಡು ಪುಣೆಯ ಕಡೆಗೆ ಸಾಗುವಾಗ ಮೊದಲು ಎದುರಾಗುವ ಚಿಕ್ಕ ನಿಲ್ದಾಣದ ಹೆಸರು ಮಳವಲಿ. ಮಂಡ್ಯ ಜಿಲ್ಲೆಯ ಮಳವಳ್ಳಿಯನ್ನು ನೆನಪಿಸುವ ಈ ಹೆಸರು ಮಹಾನಗರದ ಕನ್ನಡಿಗರ ಕಿವಿಗೆ ಇಂಪಾಗಿ ಕೇಳಿಸಿದರೂ ಅಲ್ಲಿ ಇಳಿಯುವವರು ವಿರಳ. ಇಳಿದವರೂ ಕಾರ್ಲಾ, ಭಾಜಾ ಗುಹೆಗಳ ದಾರಿ ಹಿಡಿಯುತ್ತಾರೆ. ಲೋಣಾವಳಾ ಎಂದೊಡನೆ ಚಿಕ್ಕಿಯನ್ನೂ, ಮಳೆಗಾಲದ ಮಂಜನ್ನೂ, 1924ರಲ್ಲಿ ಸ್ವಾಮಿ ಕುವಲಯಾನಂದರು ಸ್ಥಾಪಿಸಿದ ಕೈವಲ್ಯಧಾಮವನ್ನೂ ನೆನೆಯುವ ನಮ್ಮ ಜನ, ಅದರ ಮಗ್ಗುಲಿನ ಈ ಪುಟ್ಟ ಊರು ಭಾರತದ ಮನೆಮನೆಯ ಗೋಡೆಗೆ ಬಣ್ಣದ ಚಿತ್ರವನ್ನು ಕೊಟ್ಟ ತಾಣವೆಂಬುದನ್ನು ಬಹುಮಟ್ಟಿಗೆ ಮರೆತಿದ್ದಾರೆ.

ರಾಜಾ ರವಿವರ್ಮನ (1848–1906) ಚಿತ್ರಗಳನ್ನು ಅರಮನೆಗಳಿಂದ ಹೊರತಂದು ಸಾಮಾನ್ಯರ ಕೈಗೆ ನಿಲುಕುವಂತೆ ಮಾಡಿದುದು ಮುದ್ರಣಕಲೆ. ಚಿತ್ರಗಳನ್ನು ಅಚ್ಚುಹಾಕಿಸಬೇಕೆಂಬ ಸಲಹೆಯನ್ನು ದಿವಾನರಾಗಿ ಹೆಸರಾಂತ ಸರ್ ಟಿ. ಮಾಧವರಾಯರು ಆತನಿಗೆ ಬಹಳ ಮೊದಲೇ ಕೊಟ್ಟಿದ್ದರು. ಆ ಸಲಹೆ 1894ರಲ್ಲಿ ಮುಂಬಯಿಯಲ್ಲಿ ಒಂದು ಮುದ್ರಣಾಲಯವಾಗಿ ಕೈಗೂಡಿತು. ನಗರದಲ್ಲಿ ಪ್ಲೇಗಿನ ಹಾವಳಿಯಿದ್ದ ಆ ದಶಕದ ಕೊನೆಯಲ್ಲಿ, 1899ರಲ್ಲಿ, ಅದು ಮಳವಲಿಗೆ ಬಂದಿತು. ಜರ್ಮನಿಯ ಯಂತ್ರಗಳು, ಜರ್ಮನಿಯ ಕುಶಲಿಗಳು, ನಮ್ಮ ದೇವದೇವಿಯರು—ಈ ಮೂರರ ಕೂಡಾಟದಿಂದ ಲಕ್ಷ್ಮೀ, ಸರಸ್ವತಿ, ಶಕುಂತಲೆ, ದಮಯಂತಿಯರ ಹಾಳೆಗಳು ಹೊರಬಿದ್ದವು. 20ನೆಯ ಶತಮಾನದ ಆರಂಭದಲ್ಲಿ ಮುದ್ರಣಾಲಯವು ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನ ಒಡೆತನಕ್ಕೆ ಹೋಯಿತು. ಮುಂದೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ನಿರ್ಮಿಸಿದ ದಾದಾಸಾಹೇಬ ಫಾಳ್ಕೆಯವರೂ ಇದೇ ಮುದ್ರಣಾಲಯಕ್ಕಾಗಿ ಕೆಲಸ ಮಾಡಿದವರೇ. 1972ರ ಬೆಂಕಿಯಲ್ಲಿ ಮುದ್ರಣಾಲಯ ಸುಟ್ಟುಹೋಯಿತು. ಆದರೆ ಅಲ್ಲಿ ಅಚ್ಚಾದ ಹಾಳೆಗಳು ಕರ್ನಾಟಕದ ಎಷ್ಟೋ ಹಳೆಯ ಮನೆಗಳ ನಡುಮನೆಯಲ್ಲಿ ಇಂದಿಗೂ ತೂಗುತ್ತಿವೆ. ಮೂಲಚಿತ್ರಗಳನ್ನೇ ಕಾಣಬಯಸುವವರು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಬಹುದು.

ಗೋಡೆಯ ಮೇಲಿನ ಚಿತ್ರ ಅಷ್ಟಕ್ಕೇ ನಿಲ್ಲಲಿಲ್ಲ. ಹಾಳೆಗೆ ಬಣ್ಣವನ್ನು ಕೊಟ್ಟ ಅದೇ ವಿದ್ಯೆ ಬೇರೆ ನಾಡುಗಳಲ್ಲಿ ಮಣ್ಣಿನ ಪಾತ್ರೆಗೂ ಬಣ್ಣವನ್ನು ಕೊಟ್ಟಿತು. ಇಂದು ನಮ್ಮ ಅಡುಗೆಮನೆಯ ಕಪ್ಪು-ಬಸಿ, ತಟ್ಟೆ, ಭರಣಿಗಳ ಮೇಲಿರುವ ಹೂಬಳ್ಳಿಗಳು ಆ ವಂಶದವೇ. ಗೋಡೆಯ ಚಿತ್ರವನ್ನು ನಾವು ಕಣ್ಣಿನಿಂದ ಮಾತ್ರ ಸವಿಯುತ್ತೇವೆ. ತಟ್ಟೆಯ ಚಿತ್ರ ಅನ್ನಕ್ಕೂ ತುಟಿಗೂ ತಾಗುತ್ತದೆ. ಈ ವ್ಯತ್ಯಾಸವೇ ಇಲ್ಲಿ ವಿಚಾರಿಸಬೇಕಾದ ಮುಖ್ಯ ಸಂಗತಿ.

ಕಲ್ಲು, ಹಾಳೆ, ಮಣ್ಣು

ಕಲ್ಲಚ್ಚಿನ ತತ್ತ್ವ ಸರಳವಾದುದು. ಎಣ್ಣೆಗೂ ನೀರಿಗೂ ಹೊಂದಾಣಿಕೆಯಿಲ್ಲವೆಂಬ ಎಲ್ಲರೂ ಬಲ್ಲ ಸತ್ಯವೇ ಅದರ ಬುನಾದಿ. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲನ್ನು ತೋಯಿಸಿ, ಬಣ್ಣದ ಉರುಳೆಯನ್ನು ಹಾಯಿಸಿದರೆ ಬಣ್ಣವು ಜಿಡ್ಡಿದ್ದ ಕಡೆ ಮಾತ್ರ ಅಂಟುತ್ತದೆ; ತೇವವಿದ್ದ ಕಡೆ ಅಂಟುವುದಿಲ್ಲ. 18ನೆಯ ಶತಮಾನದ ಕೊನೆಯಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬ ಜರ್ಮನ್ ನಾಟಕಕಾರ ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚುಹಾಕುವ ಹವಣಿಕೆಯಲ್ಲಿ ಈ ವಿದ್ಯೆಯನ್ನು ಕಂಡುಹಿಡಿದ. ಮುಂದೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದೇ ಹಾಳೆಯನ್ನು ಒಂದಾದ ಮೇಲೊಂದರಂತೆ ಎಲ್ಲ ಕಲ್ಲುಗಳ ಮೇಲೂ ಒತ್ತಿ ತೆಗೆಯುವ ಬಣ್ಣದ ಕಲ್ಲಚ್ಚು ಬಂದಿತು. ಮಳವಲಿಯ ಲಕ್ಷ್ಮಿಯ ಸೀರೆಗೆ ಕೆಂಪು ಬಂದುದು ಈ ಕ್ರಮದಿಂದ.

ಮಣ್ಣಿನ ಮೇಲೆ ಅಚ್ಚಿನ ಚಿತ್ರ ಮೂಡಿಸುವ ಪ್ರಯತ್ನ ಕಲ್ಲಚ್ಚಿಗಿಂತಲೂ ಹಳೆಯದು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬ ಇಬ್ಬರು 1756ರ ಜುಲೈ 27ರಂದು ಆರು ಗಂಟೆಗಳ ಅವಧಿಯಲ್ಲಿ 1200ಕ್ಕೂ ಹೆಚ್ಚು ಹಂಚುಗಳಿಗೆ ಚಿತ್ರವನ್ನು ಒತ್ತಿ ತೋರಿಸಿ, ಅದನ್ನು ಪ್ರಮಾಣಪತ್ರದ ಮೂಲಕ ದೃಢಪಡಿಸಿದರು. ನುರಿತ ಚಿತ್ರಕಾರ ಕುಂಚದಿಂದ ಒಂದು ಹಂಚನ್ನು ಮುಗಿಸುವಷ್ಟರಲ್ಲಿ ಅವರು ಹಲವು ಹಂಚುಗಳನ್ನು ಮುಗಿಸಬಲ್ಲವರಾಗಿದ್ದರು. ಮುಂದೆ 1780ರ ದಶಕದಲ್ಲಿ ಜೋಸಯ್ಯ ಸ್ಪೋಡ್ ಎಂಬ ಕುಶಲಿ, ತಾಮ್ರದ ತಗಡಿನಲ್ಲಿ ಕೊರೆದ ಚಿತ್ರವನ್ನು ತೆಳುಹಾಳೆಗೆ ಇಳಿಸಿ, ಆ ಹಾಳೆಯನ್ನು ಪಾತ್ರೆಗೆ ತೀಡಿ, ಮೇಲೆ ಮೆರುಗು ಕೊಟ್ಟು ಸುಡುವ ಕ್ರಮವನ್ನು ಹದಕ್ಕೆ ತಂದ. ಹಳೆಯ ಬಂಗಲೆಗಳಲ್ಲಿ ಕಾಣುವ ನೀಲಿ-ಬಿಳಿ ತಟ್ಟೆಗಳು ಈ ಬಗೆಯವು.

ಬಣ್ಣದ ಕಲ್ಲಚ್ಚು ಬಂದ ಮೇಲೆ ಪಾತ್ರೆಗೂ ಹಲವು ಬಣ್ಣಗಳ ಭಾಗ್ಯ ಒದಗಿತು. ಅಂಟಿನ ಹಾಳೆಯ ಮೇಲೆ ಚಿತ್ರವನ್ನು ಮೊದಲು ವಾರ್ನಿಷಿನಿಂದ ಒತ್ತಿ, ಆ ಹಸಿ ವಾರ್ನಿಷಿನ ಮೇಲೆ ಬಣ್ಣದ ನುಣ್ಣನೆಯ ಪುಡಿಯನ್ನು ಉದುರಿಸಿ, ಒಂದೊಂದೇ ಬಣ್ಣವನ್ನು ಕೂಡಿಸುತ್ತ ಹೋಗುತ್ತಿದ್ದರು. ಹೀಗೆ ಸಿದ್ಧವಾದ ಚಿತ್ರವನ್ನು ಪಾತ್ರೆಗೆ ವರ್ಗಾಯಿಸಿ ಸುಡುತ್ತಿದ್ದರು. ಡಿಕಾಲ್ ಎಂದು ಇಂದು ಕರೆಯಲಾಗುವ ವಸ್ತು ಇದೇ. 20ನೆಯ ಶತಮಾನದ ನಡುವಿನಿಂದ ಕಲ್ಲಿನ ಸ್ಥಾನದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಬಂದಿತು. ನಮ್ಮ ಲಗ್ನಪತ್ರಿಕೆಗಳನ್ನು ಅಚ್ಚುಹಾಕುತ್ತಿದ್ದ ಬಲೆಬಟ್ಟೆಯ ಚೌಕಟ್ಟೇ ಅದು. ಮಸಿಯ ಬದಲು ಆವಿಗೆಯ ಬೆಂಕಿಯನ್ನು ತಾಳಬಲ್ಲ ಬಣ್ಣ, ಅಷ್ಟೇ ಭೇದ.

ರವಿವರ್ಮನ ಚಿತ್ರಗಳಿಗೂ ಮಣ್ಣಿಗೂ ನಂಟು ಬೆಳೆದುದುಂಟು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಜಪಾನಿನ ಕಾರ್ಖಾನೆಗಳು ಭಾರತದ ಮಾರುಕಟ್ಟೆಗಾಗಿ ತಯಾರಿಸಿದ ಹೊಳಪಿನ ಉಬ್ಬು ಹಂಚುಗಳಲ್ಲಿ ಆತನ ದೇವದೇವಿಯರ ಮಾದರಿಗಳು ಕಾಣಿಸಿಕೊಂಡವು. ಮುಂಬಯಿಯ ಕಟ್ಟಡಗಳ ಮೆಟ್ಟಿಲುಮೂಲೆಗಳಲ್ಲಿ, ಎಲೆಯಡಿಕೆ ಉಗುಳುವವರನ್ನು ತಡೆಯಲೆಂದು ಕೂರಿಸಿದ ದೇವರ ಹಂಚುಗಳನ್ನು ಕಾಣದವರಾರು? ಅವುಗಳ ಮುಖಭಾವದಲ್ಲಿಯೂ ಉಡಿಗೆಯಲ್ಲಿಯೂ ಮಳವಲಿಯ ನೆರಳು ತಪ್ಪುವುದಿಲ್ಲ.

ಡಿಕಾಲ್ ಅಂಟಿಸುವ ಬಗೆ

ಹಿಂದೆ ಶಾಲೆಯ ಮಕ್ಕಳು ನೀರಿನಲ್ಲಿ ನೆನೆಸಿ ಪುಸ್ತಕದ ರಟ್ಟಿಗೆ ಜಾರಿಸುತ್ತಿದ್ದ ಬಣ್ಣದ ಚಿತ್ರಗಳನ್ನು ಬಲ್ಲವರಿಗೆ ಡಿಕಾಲಿನ ಕೆಲಸ ಹೊಸದಲ್ಲ. ಅಂಟು ಬಳಿದ ಕಾಗದ, ಅದರ ಮೇಲೆ ಚಿತ್ರ, ಚಿತ್ರದ ಮೇಲೆ ತೆಳುವಾದ ಅರಗಿನಂಥ ಪೊರೆ—ಇವು ಮೂರು ಪದರಗಳು. ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದೊಡನೆ ಅಂಟು ಕರಗಿ ಚಿತ್ರ ಪೊರೆಯೊಡನೆ ಸಡಿಲಗೊಳ್ಳುತ್ತದೆ. ಅದನ್ನು ಶುಚಿಯಾದ ಪಾತ್ರೆಯ ಮೇಲೆ ಜಾರಿಸಿ, ಮೆತ್ತನೆಯ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಅಡಿಯ ನೀರನ್ನೂ ಗಾಳಿಯನ್ನೂ ಹೊರದೂಡಬೇಕು. ಒಂದು ಗುಳ್ಳೆ ಉಳಿದರೂ ಸುಟ್ಟಾಗ ಅಲ್ಲಿ ಚಿತ್ರ ಹರಿದು ತೂತಾಗುತ್ತದೆ. ಬೆರಳಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಪೂರ್ಣವಾಗಿ ಒಣಗಿದ ಮೇಲೆ ಪಾತ್ರೆಯನ್ನು ಮತ್ತೊಮ್ಮೆ ಆವಿಗೆಗೆ ಇಡಬೇಕು. ಮೇಲಿನ ಪೊರೆ ಹೊಗೆಯಾಗಿ ಸುಟ್ಟುಹೋಗುವವರೆಗೆ ಆವಿಗೆಗೆ ಗಾಳಿಯಾಡುವ ದಾರಿಯಿರಬೇಕು. ಆ ಹೊಗೆ ಉಸಿರಿಗೆ ಹಿತವಲ್ಲವಾದುದರಿಂದ ಮನುಷ್ಯರು ದೂರವಿರಬೇಕು. ಸಾಮಾನ್ಯವಾಗಿ 750ರಿಂದ 850 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬಣ್ಣದೊಳಗಿನ ಗಾಜಿನ ಪುಡಿ ಕರಗಿ, ಪಾತ್ರೆಯ ಮೆರುಗನ್ನು ಕಚ್ಚಿಕೊಳ್ಳುತ್ತದೆ.

ಕಾರ್ಖಾನೆಯ ತಟ್ಟೆಗಳು ಒಂದೇ ಎರಕದಲ್ಲಿ ಹುಟ್ಟಿದ ಮಕ್ಕಳು. ತಿಗರಿಯ ಮೇಲೆ ಕೈಯಿಂದ ಎತ್ತಿದ ಪಾತ್ರೆಯ ಮಾತು ಬೇರೆ. ಅದರ ಬಾಗು ಒಂದೊಂದರಲ್ಲಿ ಒಂದೊಂದು ಬಗೆ. ಬೆರಳ ಗೆರೆಗಳು ಮೈಮೇಲೆ ಉಳಿದಿರುತ್ತವೆ. ದೊಡ್ಡ ಚಿತ್ರವನ್ನು ಅದರ ಮೇಲೆ ಹೊದಿಸಹೊರಟರೆ ನೆರಿಗೆ ಬೀಳುತ್ತದೆ. ಆದುದರಿಂದ ಕುಶಲಿಗಳು ಚಿತ್ರವನ್ನು ಸಣ್ಣ ತುಂಡುಗಳಾಗಿ ಕತ್ತರಿಸುತ್ತಾರೆ. ಪಾತ್ರೆಯಲ್ಲಿಯೇ ಚಪ್ಪಟೆಯಾದ ಒಂದು ಎಡೆಯನ್ನು ಮೊದಲೇ ಬಿಟ್ಟುಕೊಳ್ಳುತ್ತಾರೆ. ಇತ್ತೀಚೆಗೆ ಮಹಾನಗರಗಳಲ್ಲಿ ಕುಂಬಾರಿಕೆಯನ್ನು ಹವ್ಯಾಸವಾಗಿ ಕಲಿಯುವ ಗೃಹಿಣಿಯರೂ ನಿವೃತ್ತರೂ ಹೆಚ್ಚುತ್ತಿದ್ದಾರೆ. ಅಜ್ಜಿಯ ಕೈಬರಹ, ಊರ ದೇವಸ್ಥಾನದ ಹಳೆಯ ಛಾಯಾಚಿತ್ರ, ಮಕ್ಕಳು ಬರೆದ ಕನ್ನಡ ಅಕ್ಷರಮಾಲೆ ಮುಂತಾದುವನ್ನು ತಮ್ಮ ಕೈಯ ಬಟ್ಟಲಿನ ಮೇಲೆ ಉಳಿಸಿಕೊಳ್ಳಬೇಕೆಂಬ ಹಂಬಲ ಸಹಜವಾದುದೇ. ಕಪ್ಪು ಮಸಿಯ ಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಇರುವ ಕೆಲವು ಲೇಸರ್ ಮುದ್ರಣಯಂತ್ರಗಳಿಂದ ತೆಗೆದ ಡಿಕಾಲನ್ನು ಮೆರುಗು ಮತ್ತೆ ಮೆದುವಾಗುವಷ್ಟು ಶಾಖದಲ್ಲಿ ಸುಟ್ಟರೆ, ಮಸಿಯೆಲ್ಲ ಸುಟ್ಟು ಕಬ್ಬಿಣ ಮಾತ್ರ ಉಳಿದು, ಹಳೆಯ ಛಾಯಾಚಿತ್ರದಂಥ ಕಂದುಬಣ್ಣದ ಚಿತ್ರ ಮೂಡುತ್ತದೆ.

ಕೈಕೆಲಸದ ಕುಂಬಾರಿಕೆಗೆ ನಮ್ಮ ನಾಡಿನಲ್ಲಿ ಆಸರೆಯಿಲ್ಲವೆಂದಲ್ಲ. ಲೋಣಾವಳಾವನ್ನು ದಾಟಿದ ರೈಲು ಪುಣೆ, ಮೀರಜ, ಬೆಳಗಾವಿಗಳ ಮೂಲಕ ಲೋಂಡಾದತ್ತ ಸಾಗುವಾಗ ನಡುವೆ ಸಿಗುವ ಖಾನಾಪುರ ಕೆಂಪುಮಣ್ಣಿಗೆ ಹೆಸರಾದ ಊರು. ಅಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅನೇಕ ಕುಂಬಾರರಿಗೆ ತರಬೇತಿಯನ್ನು ನೀಡಿದೆ. ಊರಿಗೆ ಹೋಗಿಬರುವ ಮುಂಬಯಿ-ಪುಣೆಯ ಕನ್ನಡಿಗರ ದಾರಿಯಲ್ಲಿ ಹೀಗೆ ಒಂದು ತುದಿಗೆ ಚಿತ್ರದ ಊರು, ಇನ್ನೊಂದು ತುದಿಗೆ ಮಣ್ಣಿನ ಊರು. ಎರಡೂ ಕೂಡಿದಾಗ ಅಂದ ಹೆಚ್ಚುತ್ತದೆ. ಹಾಗೆ ಕೂಡಿಸುವವರು ಕೆಲವು ಎಚ್ಚರಗಳನ್ನು ಬಲ್ಲವರಾಗಿರಬೇಕು.

ಬಣ್ಣದೊಳಗಿನ ಲೋಹ

ಆವಿಗೆಯ ಬೆಂಕಿಯಲ್ಲಿ ಹೂವಿನ ರಸ, ಎಲೆಯ ಹಸಿರು ಉಳಿಯಲಾರವು. ಅಲ್ಲಿ ಉಳಿಯುವ ಬಣ್ಣವೆಲ್ಲ ಲೋಹದ್ದು. ಕೋಬಾಲ್ಟಿನಿಂದ ನೀಲಿ, ಕಬ್ಬಿಣದಿಂದ ಕಂದು, ಕ್ರೋಮಿಯಮ್ಮಿನಿಂದ ಹಸಿರು, ಚಿನ್ನದಿಂದ ಗುಲಾಬಿ. ಕಣ್ಣು ಕುಕ್ಕುವ ಕೆಂಪು, ಕಿತ್ತಳೆ, ಹಳದಿಗಳು ಬಹುಮಟ್ಟಿಗೆ ಕ್ಯಾಡ್ಮಿಯಂ ಎಂಬ ಲೋಹದ ಕೊಡುಗೆ. ಈ ಬಣ್ಣಗಳನ್ನು ಕಡಿಮೆ ಶಾಖದಲ್ಲಿ ಕರಗಿಸಿ ಪಾತ್ರೆಗೆ ಕಚ್ಚಿಸಲು ಬೇಕಾದ ಗಾಜಿನ ಪುಡಿಗೆ ತಲೆತಲಾಂತರದಿಂದ ಬೆರೆಸುತ್ತಿದ್ದುದು ಸೀಸ. ಸೀಸ ಬೆರೆತ ಗಾಜು ಬೇಗ ಕರಗುತ್ತದೆ, ಚೆನ್ನಾಗಿ ಹರಡುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ. ಕುಶಲಿಗೆ ಇಷ್ಟು ಅನುಕೂಲವಾದ ವಸ್ತು ಮತ್ತೊಂದಿಲ್ಲ. ದೇಹಕ್ಕೋ ಅದು ಯಾವ ಅಳತೆಯಲ್ಲಿಯೂ ಬೇಡವಾದುದು.

ಇದರ ಮೊದಲ ಬಲಿಗಳು ಕುಶಲಿಗಳೇ. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್ ಪ್ರಾಂತದ ಪಿಂಗಾಣಿ ಕಾರ್ಖಾನೆಗಳಲ್ಲಿ ಪಾತ್ರೆಗೆ ಮೆರುಗು ಕೊಡುವವರು, ಬಣ್ಣದ ಪುಡಿಯನ್ನು ಉದುರಿಸುವವರು ಸೀಸದ ಧೂಳನ್ನು ಉಸಿರಾಡಿ ಹೊಟ್ಟೆನೋವು, ಪಾರ್ಶ್ವವಾಯು, ಅಂಧತ್ವಗಳಿಗೆ ಗುರಿಯಾದರು. ಅವರಲ್ಲಿ ತರುಣಿಯರು ಬಹಳ ಮಂದಿ. 1899ರಲ್ಲಿ, ಅಂದರೆ ರವಿವರ್ಮನ ಮುದ್ರಣಾಲಯ ಮಳವಲಿಗೆ ಬಂದ ವರ್ಷವೇ, ಥಾರ್ಪ್ ಮತ್ತು ಆಲಿವರ್ ಎಂಬ ತಜ್ಞರು ಈ ಬಗೆಗೆ ಬ್ರಿಟಿಷ್ ಸರಕಾರಕ್ಕೆ ವರದಿಯನ್ನು ಸಲ್ಲಿಸಿ, ಸೀಸವನ್ನು ಆದಷ್ಟು ಬಿಡಬೇಕೆಂದು ಸೂಚಿಸಿದರು.

ಪಾತ್ರೆಯನ್ನು ಬಳಸುವವರ ಮೇಲೂ ಕೇಡು ಎರಗಬಲ್ಲುದೆಂಬುದು ಜಗತ್ತಿಗೆ ಮತ್ತೆ ಮನದಟ್ಟಾದುದು 1970ರಲ್ಲಿ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ, ಸೀಸದ ಮೆರುಗಿದ್ದ ಮಣ್ಣಿನ ಹೂಜಿಯಲ್ಲಿ ತುಂಬಿಟ್ಟಿದ್ದ ಸೇಬಿನ ರಸವನ್ನು ಕುಡಿದ ಚಿಕ್ಕ ಮಗುವೊಂದು ಸೀಸದ ವಿಷದಿಂದ ತೀರಿಕೊಂಡಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆ ಪ್ರಕರಣ ಪ್ರಕಟವಾಯಿತು. ರಸ ಕೆಟ್ಟಿರಲಿಲ್ಲ, ಹುಳಿಯಾಗಿತ್ತು, ಅಷ್ಟೇ. ಆ ಹುಳಿ ಮೆರುಗಿನಿಂದ ಸೀಸವನ್ನು ಕರಗಿಸಿಕೊಂಡಿತ್ತು.

ಹುಳಿ ಮತ್ತು ಲೋಹ

ಈ ತತ್ತ್ವವನ್ನು ನಮ್ಮ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಮಜ್ಜಿಗೆಯನ್ನಾಗಲಿ ಹುಣಿಸೆಯ ಸಾರನ್ನಾಗಲಿ ಇಡುವವರುಂಟೇ? ಇಟ್ಟರೆ ಕಿಲುಬು ಏಳುತ್ತದೆ, ನಾಲಗೆಗೆ ಒಗರು ಹತ್ತುತ್ತದೆ. ಕಲಾಯಿಗಾರನ ಕೂಗು ಕೇಳಿದೊಡನೆ ಪಾತ್ರೆಗಳನ್ನು ಹೊರಗೆ ತಂದಿಡುತ್ತಿದ್ದುದು ಈ ಕಾರಣದಿಂದಲೇ. ಉಪ್ಪಿನಕಾಯಿಗೆ ಲೋಹದ ಪಾತ್ರೆ ಸಲ್ಲದೆಂದು ಪಿಂಗಾಣಿಯ ಭರಣಿಯನ್ನೇ ಆರಿಸಿಕೊಂಡುದೂ ಇದೇ ವಿವೇಕದ ಫಲ.

ಆದರೆ ಹಿತ್ತಾಳೆ ತನ್ನ ದೋಷವನ್ನು ಹಸಿರು ಬಣ್ಣದಿಂದ ಸಾರಿ ಹೇಳುತ್ತದೆ. ಸೀಸ ಹಾಗೆ ಹೇಳುವುದಿಲ್ಲ. ಹುಳಿಯಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆ ಗುರುತಿಸುವಂಥ ಕಹಿಯಿಲ್ಲ. ಪಿಂಗಾಣಿಯೆಂದರೆ ನಿರಪಾಯವೆಂಬ ಹಳೆಯ ನಂಬಿಕೆ ಚಿತ್ರವಿಲ್ಲದ, ಹೆಚ್ಚು ಶಾಖದಲ್ಲಿ ಸುಟ್ಟ ಭರಣಿಯ ಮಟ್ಟಿಗೆ ಬಹಳಷ್ಟು ದಿಟ. ಒಳಮೈಯಲ್ಲಿ ಬಣ್ಣದ ಚಿತ್ರವಿರುವ, ಎಲ್ಲಿ ಹೇಗೆ ಸುಟ್ಟುದೆಂದು ತಿಳಿಯದ ಅಗ್ಗದ ತಟ್ಟೆಗೆ ಆ ನಂಬಿಕೆಯನ್ನು ಹಾಗೆಯೇ ವಿಸ್ತರಿಸಲಾಗದು.

ದೇಹವನ್ನು ಸೇರಿದ ಸೀಸ ರಕ್ತದಲ್ಲಿ ಕೆಲವು ವಾರಗಳಿದ್ದು, ಬಳಿಕ ಎಲುಬಿನಲ್ಲಿ ಸುಣ್ಣಾಂಶದ ಜಾಗದಲ್ಲಿ ಮನೆಮಾಡಿಕೊಳ್ಳುತ್ತದೆ. ಅಲ್ಲಿ ದಶಕಗಳ ಕಾಲ ಇರಬಲ್ಲುದು. ಗರ್ಭಿಣಿಯ ಎಲುಬಿನಿಂದ ಸುಣ್ಣಾಂಶ ಹೊರಬೀಳುವಾಗ ಸೀಸವೂ ಹೊರಬಂದು ಶಿಶುವನ್ನು ಮುಟ್ಟುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಮಲಬದ್ಧತೆ, ಹೊಟ್ಟೆನೋವು, ರಕ್ತಹೀನತೆಗಳಿಗೆ ಅದು ಕಾರಣವಾಗುತ್ತದೆ. ಮಕ್ಕಳಲ್ಲಿ ಹಾನಿ ಇನ್ನೂ ಆಳವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಒಂದೇ ಮೂಲದಿಂದ ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದರ ನಾಲ್ಕೈದು ಪಟ್ಟು ಸೀಸವನ್ನು ಚಿಕ್ಕ ಮಕ್ಕಳು ಹೀರಿಕೊಳ್ಳುತ್ತಾರೆ. ಬೆಳೆಯುತ್ತಿರುವ ಮಿದುಳು ಮಂಕಾಗುತ್ತದೆ. ಏಕಾಗ್ರತೆ, ಕಲಿಕೆ, ನಡವಳಿಕೆಗಳು ಕೆಡುತ್ತವೆ. ಇಷ್ಟರ ಕೆಳಗಿದ್ದರೆ ಚಿಂತೆಯಿಲ್ಲವೆಂದು ಹೇಳಬಹುದಾದ ಸುರಕ್ಷಿತ ಮಟ್ಟವೇ ತಿಳಿದಿಲ್ಲವೆಂದು ಆ ಸಂಸ್ಥೆ ಸ್ಪಷ್ಟಪಡಿಸಿದೆ. ಕಬ್ಬಿಣಾಂಶ, ಸುಣ್ಣಾಂಶಗಳ ಕೊರತೆಯಿರುವ ಮಕ್ಕಳ ದೇಹ ಸೀಸವನ್ನು ಇನ್ನಷ್ಟು ಆತುರದಿಂದ ಹೀರಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿದೀತು.

ಭಾರತದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕುವ ಕಾರ್ಯ 2000ದಲ್ಲಿ ಪೂರ್ಣಗೊಂಡಿತು. ಮಹಾನಗರದ ಗಾಳಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಗಾಳಿಯ ಸೀಸ ತಗ್ಗಿದ ಮೇಲೆ ಪಾತ್ರೆ, ಬಣ್ಣ, ಆಟಿಕೆಗಳ ಕಡೆಗೆ ಗಮನ ಹರಿಸುವುದು ನ್ಯಾಯವೇ ಸರಿ.

ಚಿತ್ರ ಎಲ್ಲಿದೆ?

ಡಿಕಾಲುಳ್ಳ ಪಾತ್ರೆಗಳೆಲ್ಲ ವಿಷವೆಂದು ಹೆದರಬೇಕಾಗಿಲ್ಲ. ಚಿತ್ರ ಮೆರುಗಿನ ಕೆಳಗಿದ್ದರೆ ಅದರ ಮೇಲೆ ಗಾಜಿನ ಹೊದಿಕೆಯಿರುತ್ತದೆ. ಆಗ ಮೆರುಗು ಒಳ್ಳೆಯದಾಗಿದ್ದರೆ ಸಾಕು. ಹೆಚ್ಚು ಶಾಖದಲ್ಲಿ ಸುಟ್ಟು ಮೆರುಗಿನ ಒಳಕ್ಕೇ ಇಳಿಸಿದ ಚಿತ್ರವೂ ಬಹುಮಟ್ಟಿಗೆ ಭದ್ರ. ಮೆರುಗಿನ ಮೇಲೆಯೇ ಕುಳಿತ ಚಿತ್ರದ ಬಗೆಗೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಅದನ್ನು ಬೆರಳಿನಿಂದ ಸವರಿದರೆ ಅಂಚು ತುಸು ಉಬ್ಬಿದಂತೆ ತಿಳಿಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಚಿತ್ರದ ಹೊಳಪು ಸುತ್ತಲಿನ ಮೆರುಗಿನ ಹೊಳಪಿಗಿಂತ ಭಿನ್ನವಾಗಿ ಕಾಣುತ್ತದೆ. ಸರಿಯಾದ ಬಣ್ಣವನ್ನು ಸರಿಯಾದ ಶಾಖದಲ್ಲಿ ಸುಟ್ಟಿದ್ದರೆ ಅದೂ ಸುರಕ್ಷಿತವಾಗಿರಬಲ್ಲುದು. ಶಾಖ ಸಾಲದೆ ಹೋದರೆ ಗಾಜು ಪೂರ್ತಿ ಕೂಡಿಕೊಳ್ಳದೆ ಲೋಹ ಸಡಿಲವಾಗಿಯೇ ಉಳಿಯುತ್ತದೆ.

ಪ್ರಯೋಗಾಲಯದ ಪರೀಕ್ಷೆ ಅಡುಗೆಮನೆಯ ಅನುಭವವನ್ನೇ ಹೋಲುವಂಥದು. ವಿನೆಗರಿನ ಹುಳಿಗೆ ಕಾರಣವಾದ ಅಸೆಟಿಕ್ ಆಮ್ಲದ ಶೇಕಡ 4ರ ದ್ರಾವಣವನ್ನು ಪಾತ್ರೆಯಲ್ಲಿ ತುಂಬಿ 24 ಗಂಟೆಗಳ ಕಾಲ ಇಡುತ್ತಾರೆ. ಬಳಿಕ ಅದರಲ್ಲಿ ಎಷ್ಟು ಸೀಸ, ಎಷ್ಟು ಕ್ಯಾಡ್ಮಿಯಂ ಇಳಿದಿದೆಯೆಂದು ಅಳೆಯುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕುಡಿಯುವ ಕಪ್ಪು-ಲೋಟಗಳಿಗೆ ಲೀಟರಿಗೆ 0.5 ಮಿಲಿಗ್ರಾಂ ಸೀಸವನ್ನೂ ಚಪ್ಪಟೆ ತಟ್ಟೆಗಳಿಗೆ 3 ಮಿಲಿಗ್ರಾಂ ಸೀಸವನ್ನೂ ಮಿತಿಯಾಗಿ ಇಟ್ಟುಕೊಂಡಿದೆ. ನಮ್ಮಲ್ಲಿಯೂ ಭಾರತೀಯ ಮಾನಕ ಸಂಸ್ಥೆ ಪರೀಕ್ಷಾವಿಧಾನವನ್ನೂ ಮಿತಿಗಳನ್ನೂ ಗೊತ್ತುಪಡಿಸಿದೆ. ಹೊರಮೈಯ ಚಿತ್ರವನ್ನು ಪರೀಕ್ಷಿಸುವಾಗ ಅಂಚಿನಿಂದ ಕೆಳಕ್ಕೆ 20 ಮಿಲಿಮೀಟರಿನಷ್ಟು ಭಾಗವನ್ನು ವಿಶೇಷವಾಗಿ ಲೆಕ್ಕಿಸುತ್ತಾರೆ. ಏಕೆಂದರೆ ತುಟಿ ತಾಗುವುದು ಅಲ್ಲಿ.

ಮಾಡುವವರಿಗೆ ಕೆಲವು ಮಾತು

ಕೈಯಿಂದ ಪಾತ್ರೆ ಮಾಡಿ ಚಿತ್ರ ಅಂಟಿಸುವವರು ಈ ಕೆಳಗಿನ ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

1. ಚಿತ್ರ ಹೊರಮೈಯಲ್ಲಿರಲಿ, ಅಂಚಿನಿಂದ ಎರಡು ಬೆರಳಿನಷ್ಟು ಕೆಳಗಿರಲಿ. ಒಳಮೈಯನ್ನು ಸೀಸರಹಿತವಾದ, ಚಿತ್ರವಿಲ್ಲದ ಮೆರುಗಿಗೆ ಬಿಟ್ಟುಕೊಡಬೇಕು.

2. ಡಿಕಾಲನ್ನೂ ಬಣ್ಣವನ್ನೂ ಕೊಳ್ಳುವಾಗ ಸೀಸ, ಕ್ಯಾಡ್ಮಿಯಂ ಇಲ್ಲವೆಂಬ ಲಿಖಿತ ಭರವಸೆಯನ್ನು ಕೇಳಬೇಕು. ಯಾವ ಶಾಖಕ್ಕೆ ಸುಡಬೇಕೆಂದು ತಯಾರಕರು ಹೇಳಿದ್ದಾರೋ ಅದನ್ನು ತಪ್ಪದೆ ಪಾಲಿಸಬೇಕು. ಕಬ್ಬಿಣದ ಮಸಿಯ ಡಿಕಾಲಿನಲ್ಲಿ ಸೀಸದ ಗಾಜುಪುಡಿ ಇರುವುದಿಲ್ಲ. ಆದರೂ ಅದರ ಅಡಿಯ ಮೆರುಗು ಎಂಥದೆಂಬುದನ್ನು ವಿಚಾರಿಸಲೇಬೇಕು.

3. ಮನೆಯ ಓವನ್ನಿನ ಶಾಖ ಸುಮಾರು 250 ಡಿಗ್ರಿಯನ್ನು ದಾಟದು. ಅದರಲ್ಲಿ ‘ಬೇಯಿಸಿದ’ ಚಿತ್ರ ಗಾಜಾಗುವುದಿಲ್ಲ, ಕೇವಲ ಅಂಟಿಕೊಂಡಿರುತ್ತದೆ. ಅಂಥವು ಹೂದಾನಿಗೋ ಗೋಡೆಯ ತಟ್ಟೆಗೋ ಸಲ್ಲುತ್ತವೆ, ಊಟಕ್ಕೆ ಸಲ್ಲವು.

4. ಒಣಮಣ್ಣಿನ ಧೂಳು, ಬಣ್ಣದ ಧೂಳು ಎರಡೂ ಶ್ವಾಸಕೋಶಕ್ಕೆ ಕೇಡು. ಕೆಲಸದ ಜಾಗವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಅಡುಗೆಯ ಕಟ್ಟೆಯನ್ನು ಈ ಕೆಲಸಕ್ಕೆ ಬಳಸಬಾರದು. ಕೈತೊಳೆಯದೆ ತಿಂಡಿ ತಿನ್ನಬಾರದು.

5. ಮಾರಾಟಕ್ಕೆ ಇಡುವ ಪಾತ್ರೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ನೆರೆಮನೆಯ ಮಗು ಅದರಲ್ಲಿ ಹಾಲು ಕುಡಿಯುತ್ತದೆಂಬ ಭಾವನೆ ಇದ್ದರೆ ಈ ಖರ್ಚು ಹೊರೆಯೆನಿಸದು.

ಬಳಸುವವರಿಗೆ ಕೆಲವು ಮಾತು

ಮಕ್ಕಳ ನಿತ್ಯದ ತಟ್ಟೆ-ಲೋಟಗಳು ಸ್ಟೀಲಿನವಾಗಿರಲಿ, ಇಲ್ಲವೆ ಒಳಗೆ ಚಿತ್ರವಿಲ್ಲದ ಪಿಂಗಾಣಿಯವಾಗಿರಲಿ. ಉಪ್ಪಿನಕಾಯಿ, ಗೊಜ್ಜು, ಹುಳಿ, ಮಜ್ಜಿಗೆ, ನಿಂಬೆಯ ಪಾನಕ, ಟೊಮೇಟೊ ಸಾರುಗಳನ್ನು ಒಳಗೆ ಚಿತ್ರವಿರುವ ಪಾತ್ರೆಯಲ್ಲಿ ತುಂಬಿಡಬಾರದು. ಬಡಿಸಿ ಒಡನೆ ಉಣ್ಣುವುದಕ್ಕೂ ರಾತ್ರಿಯಿಡೀ ತುಂಬಿಡುವುದಕ್ಕೂ ಬಹಳ ಅಂತರವಿದೆ. ಬಿಸಿಯೂ ಹುಳಿಯೂ ಸಮಯವೂ ಕೂಡಿದಷ್ಟೂ ಲೋಹ ಹೆಚ್ಚು ಕರಗುತ್ತದೆ. ತೊಳೆದು ತೊಳೆದು ಚಿತ್ರ ಮಾಸಿದ್ದರೆ, ಬಣ್ಣ ಪುಡಿಯಾಗಿ ಬರುತ್ತಿದ್ದರೆ, ಮೆರುಗು ಬಿರುಕುಬಿಟ್ಟಿದ್ದರೆ ಆ ಪಾತ್ರೆಗೆ ಊಟದ ಕೆಲಸದಿಂದ ನಿವೃತ್ತಿ ಕೊಡಬೇಕು. ಉಕ್ಕಿನ ಜುಂಗಿನಿಂದ ಚಿತ್ರವನ್ನು ಉಜ್ಜಬಾರದು. ಚಿನ್ನದ ಗೆರೆಯಿರುವ ಪಾತ್ರೆಯನ್ನು ಮೈಕ್ರೋವೇವ್ ಒಲೆಯಲ್ಲಿಟ್ಟರೆ ಕಿಡಿ ಹಾರುತ್ತದೆ.

ಮನೆಯಲ್ಲಿಯೇ ಒಂದು ಸರಳ ಪರೀಕ್ಷೆಯನ್ನು ಮಾಡಬಹುದು. ಪಾತ್ರೆಯಲ್ಲಿ ವಿನೆಗರನ್ನು ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಚಿತ್ರದ ಬಣ್ಣ ಮಂಕಾಗಿದ್ದರೆ ಅದು ಊಟಕ್ಕೆ ಯೋಗ್ಯವಲ್ಲವೆಂದು ನಿಶ್ಚಯಿಸಬಹುದು. ಬಣ್ಣ ಮಾಸದಿದ್ದ ಮಾತ್ರಕ್ಕೆ ಪಾತ್ರೆ ನಿರ್ದೋಷಿಯೆಂದು ತೀರ್ಮಾನಿಸಲಾಗದು. ಅದನ್ನು ಪ್ರಯೋಗಾಲಯವೇ ಹೇಳಬೇಕು. ಮಗುವಿಗೆ ಕಾರಣ ತಿಳಿಯದ ಹೊಟ್ಟೆನೋವು, ರಕ್ತಹೀನತೆ, ಕಲಿಕೆಯ ಹಿನ್ನಡೆ ಕಂಡುಬಂದಾಗ ವೈದ್ಯರಿಗೆ ಮನೆಯ ಪಾತ್ರೆಗಳ ವಿಚಾರವನ್ನೂ ತಿಳಿಸುವುದು ಉಚಿತ. ರಕ್ತದಲ್ಲಿನ ಸೀಸವನ್ನು ಅಳೆಯುವ ಪರೀಕ್ಷೆಯಿದೆ. ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಸೀಸ ಕಂಡರೆ ಅದರ ಮೂಲವನ್ನು ಹುಡುಕಿ ತೊಲಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಹಾಲು, ರಾಗಿ, ಸೊಪ್ಪು, ಬೇಳೆಗಳಿಂದ ಕೂಡಿದ ಆಹಾರ ಮಗುವಿಗೆ ಸುಣ್ಣಾಂಶ, ಕಬ್ಬಿಣಾಂಶಗಳನ್ನು ಕೊಟ್ಟು ಸೀಸದ ಹೀರುವಿಕೆಯನ್ನು ತಗ್ಗಿಸಲು ನೆರವಾಗುತ್ತದೆ.

ತವರಿನಿಂದ ಬಂದ ಹೂಬಳ್ಳಿಯ ತಟ್ಟೆ, ಮದುವೆಯ ಉಡುಗೊರೆಯಾಗಿ ಬಂದ ಚಿನ್ನದಂಚಿನ ಕಪ್ಪು-ಬಸಿ ಇವುಗಳನ್ನು ಯಾರೂ ಎಸೆಯಬೇಕಾಗಿಲ್ಲ. ಗಾಜಿನ ಕಪಾಟಿನಲ್ಲಿ ಅವಕ್ಕೆ ಗೌರವದ ಸ್ಥಾನವಿದೆ. ಹಬ್ಬಕ್ಕೆ ಹೊಸ ಪಾತ್ರೆಯನ್ನು ಕೊಳ್ಳುವಾಗ ಮಾತ್ರ ಹೂವಿನ ಅಂದವನ್ನು ನೋಡಿದ ಕಣ್ಣು ಪಾತ್ರೆಯನ್ನು ತಿರುಗಿಸಿ ಒಳಮೈಯನ್ನೂ ನೋಡಲಿ. ‘ಇದರ ಬಣ್ಣದಲ್ಲಿ ಸೀಸವಿದೆಯೇ?’ ಎಂದು ಅಂಗಡಿಯವನನ್ನು ಕೇಳಲು ನಾಲಗೆ ಹಿಂಜರಿಯದಿರಲಿ. ಕೇಳುವವರು ಹೆಚ್ಚಿದಂತೆ ಮಾರುವವರೂ ಮಾಡುವವರೂ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕಾಗುತ್ತದೆ.